ಯುಕಾನ್, ಅಲಾಸ್ಕಾ ಕಡೆ ಗೈಡ್ ಜೊತೆ ದೊಡ್ಡ ಬೇಟೆ: ಅಷ್ಟು ದುಡ್ಡು ಯಾವುದಕ್ಕೆ?

ಕ್ಯಾಲ್ಗರಿ_ಕೊಡಗು:

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲ್ಗರಿಯಲ್ಲಿದ್ದೇನೆ. ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಇದೆ, ಬಂದೂಕಿಗೆ ಬೇಕಾದ ಪಿಎಎಲ್ ಲೈಸೆನ್ಸೂ ಇದೆ, ಆಲ್ಬರ್ಟಾದಲ್ಲಿ ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗುತ್ತಿರುತ್ತೇನೆ. ಈಗ ವಿಷಯ ಏನೆಂದರೆ, ಮಡಿಕೇರಿಯಲ್ಲಿರುವ ನನ್ನ ತಮ್ಮನಿಗೆ ಒಂದು ಸಲ ಕೆನಡಾದ ವಾಯುವ್ಯ ಮೂಲೆಯ ಯುಕಾನ್‌ಗೆ ಬಂದು ಮೂಸ್ ಅನ್ನುವ ದೈತ್ಯ ಜಿಂಕೆಯ ಬೇಟೆ ಆಡಬೇಕು ಅಂತ ಬಹಳ ಆಸೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತಾ ಬೆಳೆದವರು ನಾವು. ಆದರೆ 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ ನಾವಿಬ್ಬರೂ ಹುಟ್ಟಿರಲಿಲ್ಲ, ಹಾಗಾಗಿ ಊರಿನ ಬೇಟೆ ಅನ್ನುವುದು ನಮಗೆ ಅಜ್ಜನ ಬಾಯಲ್ಲಿ ಕೇಳಿದ್ದಷ್ಟೇ.

ಬೇಟೆ ಪ್ರವಾಸ ನಡೆಸುವ ಔಟ್‌ಫಿಟ್ಟರ್‌ಗಳನ್ನು ವಿಚಾರಿಸಿದರೆ ಒಂದು ಮೂಸ್ ಬೇಟೆಗೆ 25ರಿಂದ 35 ಸಾವಿರ ಅಮೆರಿಕನ್ ಡಾಲರ್ ಹೇಳುತ್ತಾರೆ. ಡಾಲ್ ಅನ್ನುವ ಕಾಡು ಟಗರಿಗೆ ಅದಕ್ಕಿಂತಲೂ ಜಾಸ್ತಿ. ಇಷ್ಟೊಂದು ದುಡ್ಡು ಯಾವುದಕ್ಕೆ? ನಾವಿಬ್ಬರೇ ಒಂದು ಸಣ್ಣ ವಿಮಾನ ಬಾಡಿಗೆಗೆ ಹಿಡಿದು ಹೋಗಿ ಬರುವಂತಿಲ್ವಾ? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರದಿಕ್ಕು:

ನಮಸ್ಕಾರ. ನಾನು ಯುಕಾನ್‌ನ ವೈಟ್‌ಹಾರ್ಸ್‌ನಲ್ಲಿರುತ್ತೇನೆ. ಬೇಟೆ ಸೀಸನ್‌ನಲ್ಲಿ ಕ್ಯಾಂಪ್ ಕೆಲಸ ಮಾಡುತ್ತೇನೆ: ಕುದುರೆ ನೋಡಿಕೊಳ್ಳುವುದು, ಸೌದೆ, ಅಡುಗೆ, ಮಾಂಸ ಹೊರುವುದು. ಗೈಡ್ ಅಲ್ಲ, ಆದರೆ ಗೈಡ್‌ಗಳ ಜೊತೆಯಲ್ಲೇ ಇರುವವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಾನೂನು. ನಿಮ್ಮ ತಮ್ಮ ಕೆನಡಾದವರಲ್ಲ. ಕೆನಡಾದ ಹೊರಗಿಂದ ಬರುವವರು ಯುಕಾನ್‌ನಲ್ಲಿ ದೊಡ್ಡ ಪ್ರಾಣಿ ಬೇಟೆ ಆಡಬೇಕಾದರೆ ನೋಂದಾಯಿತ ಔಟ್‌ಫಿಟ್ಟರ್ ಮೂಲಕವೇ ಬರಬೇಕು, ಲೈಸೆನ್ಸ್ ಇರುವ ಗೈಡ್ ಪಕ್ಕದಲ್ಲೇ ಇರಬೇಕು. ಬೇರೆ ದಾರಿ ಇಲ್ಲ. ನಿಮ್ಮ ವಿಷಯ ಬೇರೆ. ನೀವು ಕೆನಡಾದಲ್ಲೇ ನೆಲೆಸಿರುವುದರಿಂದ ಯುಕಾನ್ ನಿವಾಸಿಯೊಬ್ಬರು ವಿಶೇಷ ಗೈಡ್ ಲೈಸೆನ್ಸ್ ಪಡೆದು ನಿಮ್ಮನ್ನು ಕರೆದುಕೊಂಡು ಹೋಗಬಹುದು, ಆದರೆ ಅದಕ್ಕೆ ಅವರು ಒಂದು ಪೈಸೆಯನ್ನೂ ತೆಗೆದುಕೊಳ್ಳುವಂತಿಲ್ಲ. ಇಬ್ಬರೂ ಒಟ್ಟಿಗೆ ಹೋಗಬೇಕಾದರೆ ಔಟ್‌ಫಿಟ್ಟರ್‌ನೇ ಗತಿ.

ಇನ್ನು ದುಡ್ಡು ಯಾವುದಕ್ಕೆ ಅಂತ ಕೇಳಿದಿರಿ. ವಿಮಾನ, ಪೆಟ್ರೋಲು, ಕುದುರೆ, ಊಟ, ಗುಡಾರ, ಸಂಬಳ ಎಲ್ಲಾ ಇದೆ. ಯುಕಾನ್ ಅಂದರೆ ಸುಮಾರು 4.8 ಲಕ್ಷ ಚದರ ಕಿಲೋಮೀಟರ್ ನೆಲ, ಕರ್ನಾಟಕದ ಎರಡೂವರೆ ಪಟ್ಟು. ಜನ ಅರ್ಧ ಲಕ್ಷವೂ ಇಲ್ಲ, ಮೂಸ್‌ಗಳೇ ಜನರಿಗಿಂತ ಜಾಸ್ತಿ. ರಸ್ತೆ ಅನ್ನುವುದು ನಾಲ್ಕೈದು. ಉಳಿದ ಕಡೆಗೆಲ್ಲಾ ನೀರಿನ ಮೇಲೆ ಇಳಿಯುವ ಬೀವರ್ ವಿಮಾನ, ಇಲ್ಲದಿದ್ದರೆ ಅಗಲ ಚಕ್ರದ ಸೂಪರ್ ಕಬ್, ಇಲ್ಲದಿದ್ದರೆ ಕುದುರೆ. ಆಲೂಗಡ್ಡೆ ಮೂಟೆಯಿಂದ ಕುದುರೆಯ ಲಾಳದವರೆಗೆ ಎಲ್ಲವೂ ಹಾರಿಕೊಂಡೇ ಬರಬೇಕು.

ಆದರೆ ನನ್ನ ಮಟ್ಟಿಗೆ ಆ ದುಡ್ಡು ಮುಖ್ಯವಾಗಿ ಹೋಗುವುದು "ಬೇಡ, ಹೊಡೆಯಬೇಡಿ" ಅಂತ ಹೇಳುವ ಮನುಷ್ಯನಿಗೆ. ಇದನ್ನು ಜನ ತಲೆಕೆಳಗಾಗಿ ತಿಳಿದುಕೊಂಡಿದ್ದಾರೆ. ದುಡ್ಡು ಕೊಟ್ಟರೆ ಪ್ರಾಣಿ ತೋರಿಸಿ ಹೊಡೆಸುತ್ತಾರೆ ಅಂತ. ಒಳ್ಳೆಯ ಗೈಡ್ ಹೆಚ್ಚಿನ ಹೊತ್ತು ಮಾಡುವುದು ತಡೆಯುವ ಕೆಲಸ.

ಡಾಲ್ ಟಗರನ್ನೇ ತೆಗೆದುಕೊಳ್ಳಿ. ಬಿಳೀ ಕಾಡುಕುರಿ, ಕಡಿದಾದ ಬಂಡೆ ಮೇಲೆ ಇರುತ್ತದೆ. ಅದರ ಕೊಂಬು ಪೂರ್ತಿ ಒಂದು ಸುತ್ತು ಬಂದಿರಬೇಕು, ಇಲ್ಲವೇ ಅದಕ್ಕೆ ಕನಿಷ್ಠ ಎಂಟು ವರ್ಷ ಆಗಿರಬೇಕು. ವಯಸ್ಸು ಹೇಗೆ ಗೊತ್ತಾಗುತ್ತದೆ? ಚಳಿಗಾಲದಲ್ಲಿ ಕೊಂಬು ಬೆಳೆಯುವುದು ನಿಲ್ಲುತ್ತದೆ, ಅಲ್ಲಿ ಒಂದು ಗೆರೆ ಬೀಳುತ್ತದೆ. ಗೈಡ್ ಬಂಡೆ ಮೇಲೆ ಬೋರಲು ಮಲಗಿ, ದೂರದ್ದನ್ನು ಹತ್ತಿರ ತೋರಿಸುವ ಸ್ಪಾಟಿಂಗ್ ಸ್ಕೋಪ್‌ನಲ್ಲಿ ಮುನ್ನೂರು ನಾನೂರು ಮೀಟರ್ ದೂರದಿಂದ ಆ ಗೆರೆ ಎಣಿಸಬೇಕು. ಗಾಳಿ ಬೀಸುತ್ತಿರುತ್ತದೆ, ಲೆನ್ಸ್ ಮೇಲೆ ತುಂತುರು ಬೀಳುತ್ತಿರುತ್ತದೆ, ಟಗರು ಮುಖ ತಿರುಗಿಸಿಕೊಂಡು ಮೆಲುಕು ಹಾಕುತ್ತಾ ಗಂಟೆಗಟ್ಟಲೆ ಮಲಗಿರುತ್ತದೆ. ಪಕ್ಕದಲ್ಲಿ ನಲವತ್ತು ಸಾವಿರ ಡಾಲರ್ ಕೊಟ್ಟವರು ಬಂದೂಕು ಹಿಡಿದು ನಡುಗುತ್ತಾ ಕೂತಿರುತ್ತಾರೆ. ಏಳು ಗೆರೆ ಕಂಡರೆ ಗೈಡ್ ಎದ್ದು ಕೆಳಗಿಳಿಯಬೇಕು. ಆ ಎದೆಗಾರಿಕೆ ಇರುವವನಿಗೆ ದುಡ್ಡು ಕೊಡಿ.

ಶರಾವತಿ_ಹಿನ್ನೀರು:

ಉತ್ತರದಿಕ್ಕು ಅವರೇ, ಚೆನ್ನಾಗಿ ಬರೆದಿದ್ದೀರಿ, ಓದಿಸಿಕೊಂಡು ಹೋಯಿತು. ಆದರೂ ನನಗೆ ಒಪ್ಪಿಗೆ ಆಗುವುದಿಲ್ಲ. ನಾನು ಸಾಗರದ ಕಡೆಯವನು. ನಮ್ಮ ಹಿರಿಯರೂ ನಾಯಿ ಬಿಟ್ಟು ಸೋಯುವುದು, ಮರಸು ಕೂರುವುದು ಎಲ್ಲಾ ಮಾಡಿದವರೇ. ಅದರ ಫಲವಾಗಿ ನಮ್ಮ ಕಾಡಿನಲ್ಲಿ ಏನು ಉಳಿದಿತ್ತು ಅನ್ನುವುದನ್ನೂ ಅವರೇ ಹೇಳುತ್ತಿದ್ದರು. ಊಟಕ್ಕೆ ಗತಿ ಇಲ್ಲದವನು ಬೇಟೆ ಆಡಿದರೆ ಅರ್ಥ ಆಗುತ್ತದೆ. ಮನೆಯ ಗೋಡೆಗೆ ಕೊಂಬು ತೂಗುಹಾಕಲು ಅರ್ಧ ಭೂಮಿ ಸುತ್ತಿ ಹೋಗುವುದು ನನಗೆ ಹಿಡಿಸುವುದಿಲ್ಲ. ಆ ಪ್ರಾಣಿಗೆ ವಯಸ್ಸಾಗಿದೆ ಅಂದ ಮಾತ್ರಕ್ಕೆ ಅದನ್ನು ಕೊಲ್ಲುವ ಹಕ್ಕು ಬರುತ್ತಾ?

ಕ್ಯಾಲ್ಗರಿಯವರ ಮೇಲೆ ಸಿಟ್ಟಿಲ್ಲ. ಕೇಳಬೇಕು ಅನ್ನಿಸಿತು, ಕೇಳಿದೆ.

ಫೇರ್‌ಬ್ಯಾಂಕ್ಸ್_ಕನ್ನಡತಿ:

ಇಬ್ಬರ ಮಾತೂ ಓದಿದೆ. ನಾನು ಅಲಾಸ್ಕಾದಲ್ಲಿ ನೆಲೆಸಿದವಳು, ನಾನೂ ಮನೆಯವರೂ ಪ್ರತಿ ವರ್ಷ ಫ್ರೀಜರ್ ತುಂಬಲು ಮೂಸ್‌ಗೆ ಹೋಗುತ್ತೇವೆ. ಕೊಂಬಿನ ಮಾತು ಬಂದಿದ್ದರಿಂದ ಮಾಂಸದ ಕಾನೂನು ಹೇಳಿಬಿಡುತ್ತೇನೆ, ಇದು ಹೊರಗಿನವರಿಗೆ ಗೊತ್ತೇ ಇರುವುದಿಲ್ಲ.

ಅಲಾಸ್ಕಾದಲ್ಲಿ ಮೂಸ್, ಕ್ಯಾರಿಬೂ (ಹಿಮನಾಡಿನ ಜಿಂಕೆ), ಕುರಿ ಹೊಡೆದರೆ ತಿನ್ನುವಂಥ ಮಾಂಸವನ್ನೆಲ್ಲಾ ಕಾಡಿನಿಂದ ಹೊರಗೆ ತರಲೇಬೇಕು. ಕುತ್ತಿಗೆ, ಪಕ್ಕೆಲುಬಿನ ಮಾಂಸವೂ ಸೇರಿ. ಬಿಟ್ಟು ಬಂದರೆ ಅದು ಅಪರಾಧ, ದಂಡ ಮಾತ್ರ ಅಲ್ಲ ಜೈಲೂ ಆಗಬಹುದು. ಕೊಂಬನ್ನು ಮಾಂಸಕ್ಕಿಂತ ಮೊದಲು ಹೊತ್ತು ತರುವಂತಿಲ್ಲ, ಕೊನೆಯ ಹೊರೆಯ ಜೊತೆಗೇ ಕೊಂಬು ಬರಬೇಕು. ಕೆಲವು ಪ್ರದೇಶಗಳಲ್ಲಿ ಕಾಲುಗಳ ಮಾಂಸವನ್ನು ಮೂಳೆಯಿಂದ ಬಿಡಿಸದೆ ಹಾಗೇ ತರಬೇಕು, ಯಾಕೆಂದರೆ ಮೂಳೆ ಸಮೇತ ಇದ್ದರೆ ಮಾಂಸ ಕೆಡುವುದು ಕಡಿಮೆ, ಕದ್ದು ಬಿಟ್ಟು ಬರುವುದೂ ಕಷ್ಟ.

ಈಗ ಲೆಕ್ಕ ನೋಡಿ. ಬಲಿತ ದೊಡ್ಡ ಗಂಡು ಮೂಸ್ ಏಳುನೂರು ಕಿಲೋವರೆಗೂ ತೂಗಬಹುದು. ಅದರಿಂದ ಸಿಗುವ ಮಾಂಸ ಸುಮಾರು 225 ಕಿಲೋ. ಒಂದು ಹಿಂದೊಡೆಯೇ ಐವತ್ತು ಕಿಲೋ. ಜೌಗು ನೆಲದಲ್ಲಿ, ಹುಲ್ಲಿನ ಗುಪ್ಪೆಗಳ ಮೇಲೆ ಕಾಲಿಟ್ಟರೆ ಪಾದ ಹೊರಳುವಂಥ ಕಡೆ, ಅದನ್ನು ಬೆನ್ನ ಮೇಲೆ ಹೊರಬೇಕು. ಗುಂಡು ಹಾರುವುದು ಒಂದು ಕ್ಷಣ. ಆಮೇಲಿನದು ಎರಡು ಮೂರು ದಿನದ ಕೂಲಿ ಕೆಲಸ.

ಉತ್ತರದಿಕ್ಕು:

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. "ಬೇಡ" ಅನ್ನುವುದು ಕಾನೂನಿನ ಅಳತೆಗೆ ಮಾತ್ರ ಅಲ್ಲ. ಮೂಸ್ ಸೆಪ್ಟೆಂಬರ್ ಕೊನೆಗೆ ಬೆದೆಗೆ ಬರುತ್ತದೆ. ಆಗ ಗೈಡ್ ಹೆಣ್ಣು ಮೂಸ್ ಹಾಗೆ ಉದ್ದಕ್ಕೆ ನರಳಿ ಕೂಗುತ್ತಾನೆ. ಒಣಗಿದ ಹೆಗಲ ಮೂಳೆಯನ್ನು ಪೊದೆಗೆ ಉಜ್ಜುತ್ತಾನೆ, ದೂರದಲ್ಲಿರುವ ಗಂಡಿಗೆ ಅದು ಇನ್ನೊಂದು ಗಂಡು ಕೊಂಬು ಉಜ್ಜಿದ ಹಾಗೆ ಕೇಳುತ್ತದೆ. ಸದ್ದು ಕೇಳಿ ಗಂಡು ಬರುತ್ತದೆ, ಕೆಲವೊಮ್ಮೆ ಐವತ್ತು ಮೀಟರ್ ಹತ್ತಿರಕ್ಕೆ. ಕೊಂಬು ದೊಡ್ಡದಿದೆ, ಎಲ್ಲಾ ಸರಿ ಇದೆ. ಆದರೆ ಅದು ಸೊಂಟದವರೆಗೆ ನೀರಲ್ಲಿ ನಿಂತಿದೆ. ಗೈಡ್ ಬೇಡ ಅನ್ನುತ್ತಾನೆ. ಏಳುನೂರು ಕಿಲೋ ಪ್ರಾಣಿ ನೀರಲ್ಲಿ ಬಿದ್ದರೆ ಅದನ್ನು ಎಳೆಯಲು ಆಗುವುದಿಲ್ಲ, ತಣ್ಣೀರಲ್ಲಿ ನಿಂತು ಕೊಯ್ಯಬೇಕು, ಮಾಂಸ ಹಾಳು, ಮನುಷ್ಯನ ಪ್ರಾಣಕ್ಕೂ ಕುತ್ತು. ಅದೇ ರೀತಿ ಕುದುರೆ ಹೋಗಲಾಗದ ಕಣಿವೆಯಲ್ಲಿದ್ದರೂ ಬೇಡ. ಕತ್ತಲಾಗಲು ಅರ್ಧ ಗಂಟೆ ಇದ್ದರೂ ಬೇಡ, ಯಾಕೆಂದರೆ ಗಾಯಗೊಂಡ ಪ್ರಾಣಿಯನ್ನು ಕತ್ತಲಲ್ಲಿ ಹುಡುಕುವುದು ಯಾರಿಗೂ ಬೇಡದ ಕೆಲಸ.

ಶರಾವತಿಯವರಿಗೆ: ನಿಮ್ಮ ಪ್ರಶ್ನೆ ಸರಿಯಾದದ್ದು, ಇಲ್ಲಿನ ಗೈಡ್‌ಗಳೂ ರಾತ್ರಿ ಒಲೆ ಮುಂದೆ ಇದನ್ನೇ ಮಾತಾಡುತ್ತಾರೆ. ಕ್ಯಾಂಪಿಗೆ ಬಂದವರು ಸಾಮಾನ್ಯವಾಗಿ ಅಷ್ಟೂ ಮಾಂಸ ಮನೆಗೆ ಒಯ್ಯಲಾರರು. ಉಳಿದದ್ದು ಹತ್ತಿರದ ಫಸ್ಟ್ ನೇಷನ್ (ಇಲ್ಲಿನ ಮೂಲನಿವಾಸಿ) ಹಳ್ಳಿಗಳ ಹಿರಿಯರಿಗೆ, ಊರಿನವರಿಗೆ ಹೋಗುತ್ತದೆ. ಮೂಸ್‌ನ ಮೂಗನ್ನು ಬೇಯಿಸಿ ತಿನ್ನುವುದು ಅಲ್ಲಿನ ಹಿರಿಯರಿಗೆ ಪ್ರೀತಿಯ ಊಟ. ನಾನೇ ಎಷ್ಟೋ ಸಲ ಮಾಂಸದ ಚೀಲ ಇಳಿಸಿ ಬಂದಿದ್ದೇನೆ. ಇದರಿಂದ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಬರೀ ಕೊಂಬಿನ ವ್ಯಾಪಾರ ಅನ್ನುವುದೂ ಸರಿಯಲ್ಲ.

ಶರಾವತಿ_ಹಿನ್ನೀರು:

ಮೂಸ್ ವಿಷಯ ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಕರಡಿ? ಗ್ರಿಜ್ಲಿ ಹೊಡೆದು ಯಾರಾದರೂ ತಿನ್ನುತ್ತಾರಾ?

ಉತ್ತರದಿಕ್ಕು:

ಬಹುತೇಕ ತಿನ್ನುವುದಿಲ್ಲ. ಯುಕಾನ್‌ನಲ್ಲಿ ಕರಡಿಯ ಮಾಂಸ ತರಬೇಕು ಅಂತ ಕಾನೂನೂ ಇಲ್ಲ. ಅಲಾಸ್ಕಾದಲ್ಲೂ ಕಂದು ಕರಡಿಗೆ ಹೆಚ್ಚಿನ ಕಡೆ ಹಾಗೇ. ಅಲ್ಲಿ ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ 2017ರ ಡಿಸೆಂಬರ್‌ನಲ್ಲಿ ಗ್ರಿಜ್ಲಿ ಬೇಟೆಯನ್ನು ನಿಲ್ಲಿಸಿದರು, ಫಸ್ಟ್ ನೇಷನ್ ಜನರ ಸಾಂಪ್ರದಾಯಿಕ ಬೇಟೆಗೆ ಮಾತ್ರ ವಿನಾಯಿತಿ. ಆಗ ಅಲ್ಲಿನ ಔಟ್‌ಫಿಟ್ಟರ್‌ಗಳು ಕರಡಿ ಸಂಖ್ಯೆ ಚೆನ್ನಾಗಿದೆ, ವಿಜ್ಞಾನ ನಮ್ಮ ಕಡೆ ಇದೆ ಅಂತ ವಾದಿಸಿದರು. ಆದರೆ ಜನರ ಮನಸ್ಸು ಸಂಖ್ಯೆಯ ಮೇಲೆ ನಿಂತಿರಲಿಲ್ಲ, ತಿನ್ನದ ಪ್ರಾಣಿಯನ್ನು ಯಾಕೆ ಕೊಲ್ಲಬೇಕು ಅನ್ನುವುದರ ಮೇಲೆ ನಿಂತಿತ್ತು. ನನ್ನ ಒಲವೂ ಆ ಕಡೆಗೇ. ಕ್ಯಾಲ್ಗರಿ ಅಣ್ಣ, ನೀವು ಕೇಳಿದ್ದು ಮೂಸ್, ಅಲ್ಲೇ ನಿಲ್ಲಿ ಅಂತ ನನ್ನ ಸಲಹೆ. ಮೂಸ್ ಜೊತೆ ಕರಡಿ, ತೋಳದ ಟ್ಯಾಗನ್ನೂ (ಆ ಪ್ರಾಣಿ ಹೊಡೆಯುವ ಪರವಾನಗಿ) ತೆಗೆದುಕೊಳ್ಳಿ ಅಂತ ಹೇಳುತ್ತಾರೆ. ಬೇಡ ಅನ್ನಿ.

ಮಾಂಟ್ರಿಯಲ್_ಮಾವ:

ನಾನು ಬೇಟೆಗಾರ ಅಲ್ಲ, ಆದರೆ ಕ್ವಿಬೆಕ್‌ನಲ್ಲಿ ಬಹಳ ಕಾಲದಿಂದ ಇದ್ದೇನೆ. ಔಟ್‌ಫಿಟ್ಟರ್ ಮಾತು ಬಂದಾಗ ಇಲ್ಲಿನ ಕ್ಯಾರಿಬೂ ಕಥೆ ಹೇಳದಿದ್ದರೆ ತಪ್ಪಾಗುತ್ತದೆ.

ಕ್ವಿಬೆಕ್–ಲ್ಯಾಬ್ರಡಾರ್ ಗಡಿಯಲ್ಲಿ ಜಾರ್ಜ್ ನದಿಯ ಕ್ಯಾರಿಬೂ ಹಿಂಡು ಅಂತ ಇದೆ. 1990ರ ದಶಕದಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಇದ್ದವು. ಶೆಫರ್‌ವಿಲ್, ಕೂಜುವಾಕ್ ಕಡೆ ವಿಮಾನದ ತುಂಬಾ ಅಮೆರಿಕದ ಬೇಟೆಗಾರರು ಬಂದಿಳಿಯುತ್ತಿದ್ದರು. ಕೆರೆಗೊಂದು ಕ್ಯಾಂಪ್ ಇತ್ತು. 2018ರ ಎಣಿಕೆಯಲ್ಲಿ ಆ ಹಿಂಡು ಸುಮಾರು 5,500ಕ್ಕೆ ಇಳಿದಿತ್ತು. ಲ್ಯಾಬ್ರಡಾರ್ 2013ರಲ್ಲೇ ಬೇಟೆ ನಿಷೇಧಿಸಿತ್ತು. ಪಕ್ಕದ ಲೀಫ್ ನದಿಯ ಹಿಂಡೂ ಇಳಿಯತೊಡಗಿ, 2018ರ ಫೆಬ್ರವರಿಯಿಂದ ಕ್ವಿಬೆಕ್‌ನಲ್ಲಿ ಕ್ಯಾರಿಬೂ ಕ್ರೀಡಾ ಬೇಟೆಯೇ ಬಂದ್ ಆಯಿತು. ಬೇಟೆ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮೇವು ಸವೆದದ್ದು, ಹವಾಮಾನ, ತೋಳ, ಹಿಂಡು ತಾನಾಗಿ ಏರಿ ಇಳಿಯುವ ಗುಣ ಎಲ್ಲಾ ಸೇರಿತ್ತು. ಆದರೆ ಇಳಿಯುತ್ತಿರುವಾಗ ಬೇಗ ಕೈ ಹಿಂದೆ ತೆಗೆಯಲಿಲ್ಲ ಅನ್ನುವುದು ಇಲ್ಲಿನವರ ಸಂಕಟ. ಸಾವಿರಾರು ವರ್ಷದಿಂದ ಆ ಹಿಂಡನ್ನೇ ನಂಬಿ ಬದುಕಿದ, 'ಇನ್ನು' (Innu) ಅನ್ನುವ ಮೂಲನಿವಾಸಿ ಜನ ಈಗ ಮಕ್ಕಳಿಗೆ ಕ್ಯಾರಿಬೂ ಮಾಂಸ ಉಣ್ಣಿಸಲು ಪರದಾಡುತ್ತಿದ್ದಾರೆ. ಇದಕ್ಕೆ ಯಾರು ಉತ್ತರ ಕೊಡಬೇಕು?

ಫೇರ್‌ಬ್ಯಾಂಕ್ಸ್_ಕನ್ನಡತಿ:

ಮಾವ ಹೇಳಿದ್ದು ನಮ್ಮಲ್ಲೂ ನಡೆಯುತ್ತಿದೆ. ಅಲಾಸ್ಕಾದ ವೆಸ್ಟರ್ನ್ ಆರ್ಕ್ಟಿಕ್ ಹಿಂಡು 2003ರಲ್ಲಿ 4,90,000 ಇತ್ತು, 2023ರಲ್ಲಿ 1,52,000. ಅಲ್ಲಿನ ಕೆಲವು ಫೆಡರಲ್ (ಕೇಂದ್ರ ಸರ್ಕಾರದ) ಜಮೀನುಗಳಲ್ಲಿ ಹೊರಗಿನವರ ಕ್ಯಾರಿಬೂ ಬೇಟೆಯನ್ನು ಈಚೆಗೆ ಮುಚ್ಚಿದರು. ಕ್ಯಾರಿಬೂ ಅಗ್ಗ ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ಯಾವ ಹಿಂಡು, ಅದರ ಕಡೆಯ ಎಣಿಕೆ ಎಷ್ಟು ಅಂತ ಮೊದಲು ಕೇಳಿ.

ಡಾಲ್ ಕುರಿಯೂ ಅಷ್ಟೇ. ಚಳಿಗಾಲದ ನಡುವೆ ಮಳೆ ಬಿದ್ದು ಹಿಮದ ಮೇಲೆ ಗಟ್ಟಿ ಐಸ್ ಪದರ ಕಟ್ಟಿದರೆ ಕುರಿಗೆ ಮೇವು ಕೆರೆದು ತಿನ್ನಲು ಆಗುವುದಿಲ್ಲ. ಅಂಥ ಕೆಟ್ಟ ಚಳಿಗಾಲಗಳಲ್ಲಿ ಬಹಳ ಸತ್ತಿವೆ.

ಇಲ್ಲಿ ಯುಕಾನ್‌ಗೂ ಅಲಾಸ್ಕಾಗೂ ಇರುವ ದೊಡ್ಡ ವ್ಯತ್ಯಾಸ ಹೇಳಬೇಕು. ಯುಕಾನ್‌ನಲ್ಲಿ ನೆಲವನ್ನು ಸುಮಾರು ಇಪ್ಪತ್ತು ಪ್ರದೇಶಗಳಾಗಿ ಹಂಚಿದ್ದಾರೆ. ಒಂದು ಪ್ರದೇಶದಲ್ಲಿ ಹೊರಗಿನ ಬೇಟೆಗಾರರನ್ನು ಕರೆದೊಯ್ಯುವ ಹಕ್ಕು ಒಬ್ಬನೇ ಔಟ್‌ಫಿಟ್ಟರ್‌ಗೆ. ಈ ವರ್ಷ ಬಿಟ್ಟ ಟಗರು ಮುಂದಿನ ವರ್ಷವೂ ಅವನದೇ ಗುಡ್ಡದಲ್ಲಿರುತ್ತದೆ, ಹಾಗಾಗಿ ಬಿಡುವುದರಲ್ಲಿ ಅವನಿಗೂ ಲಾಭ ಇದೆ. ಅಲಾಸ್ಕಾದಲ್ಲಿ ಮೊದಲು ಗೈಡ್‌ಗಳಿಗೆ ಅಂಥ ಸ್ವಂತ ಪ್ರದೇಶ ಇತ್ತು. 1988ರಲ್ಲಿ ಓವ್ಸಿಚೆಕ್ ಪ್ರಕರಣದಲ್ಲಿ ಅಲಾಸ್ಕಾ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ರಾಣಿ, ಮೀನು, ನೀರು ಎಲ್ಲರಿಗೂ ಸೇರಿದ್ದು ಅಂತ ನಮ್ಮ ರಾಜ್ಯದ ಸಂವಿಧಾನ ಹೇಳುತ್ತದೆ, ಹಾಗಿರುವಾಗ ಒಬ್ಬನಿಗೇ ಹಕ್ಕು ಕೊಡುವಂತಿಲ್ಲ ಅಂತ. ತತ್ವ ದೊಡ್ಡದು, ನಾನೂ ಒಪ್ಪುತ್ತೇನೆ. ಆದರೆ ರಾಜ್ಯದ ಜಮೀನಿನಲ್ಲಿ ಒಂದೇ ಕಣಿವೆಗೆ ಮೂರು ನಾಲ್ಕು ಗೈಡ್‌ಗಳು ಇಳಿಯುತ್ತಾರೆ. ನಾನು ಬಿಟ್ಟರೆ ಪಕ್ಕದವನು ಹೊಡೆಯುತ್ತಾನೆ ಅನ್ನುವ ಜಾಗದಲ್ಲಿ "ಬೇಡ" ಅನ್ನುವುದು ಗೈಡ್‌ಗೆ ಎಷ್ಟು ಕಷ್ಟ ಯೋಚನೆ ಮಾಡಿ. ವನ್ಯಧಾಮಗಳಂಥ ಫೆಡರಲ್ ಜಮೀನಿನಲ್ಲಿ ಪರ್ಮಿಟ್ ಪದ್ಧತಿ ಇರುವುದರಿಂದ ಪರಿಸ್ಥಿತಿ ಸ್ವಲ್ಪ ವಾಸಿ.

ಡಲ್ಲಾಸ್_ಟೆಕ್ಕಿ:

ತುಂಬಾ ಒಳ್ಳೆ ಚರ್ಚೆ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಚ್‌1ಬಿ ಮೇಲೆ ಟೆಕ್ಸಾಸ್‌ನಲ್ಲಿದ್ದೇನೆ. ಅಲಾಸ್ಕಾಗೆ ಬೇಟೆಗೆ ಹೋಗಬಹುದಾ? ಬಂದೂಕು ಮುಟ್ಟಿದರೆ ವೀಸಾಗೆ ತೊಂದರೆ ಆಗುತ್ತದೆ ಅಂತ ಆಫೀಸಿನಲ್ಲಿ ಹೆದರಿಸುತ್ತಾರೆ.

ಫೇರ್‌ಬ್ಯಾಂಕ್ಸ್_ಕನ್ನಡತಿ:

ಹೆದರಿಕೆ ಸುಮ್ನೆ ಬಂದದ್ದಲ್ಲ. ಎಚ್‌1ಬಿ ಥರದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ: ಯಾವುದಾದರೂ ಒಂದು ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಆ ನಿಷೇಧ ಅನ್ವಯಿಸುವುದಿಲ್ಲ. ಲೈಸೆನ್ಸ್ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯಿತು. ಒಂದು ಸಲ ವಲಸೆ ವಕೀಲರ ಹತ್ತಿರ ಮಾತಾಡಿ ಮುಂದೆ ಹೋಗಿ.

ಗೈಡ್ ವಿಷಯ. ಅಮೆರಿಕದ ಬೇರೆ ರಾಜ್ಯದ ಪ್ರಜೆಗಳಿಗೆ ಅಲಾಸ್ಕಾದಲ್ಲಿ ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಮೇಕೆ ಈ ಮೂರಕ್ಕೆ ಮಾತ್ರ ಗೈಡ್ ಕಡ್ಡಾಯ. ಗೈಡ್ ಬದಲು ಇಲ್ಲಿ ನೆಲೆಸಿದ, 19 ತುಂಬಿದ ಹತ್ತಿರದ ನೆಂಟರು ಜೊತೆಗೆ ಹೋದರೂ ನಡೆಯುತ್ತದೆ: ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಅಜ್ಜ ಅಜ್ಜಿ, ಮದುವೆಯಿಂದ ಬಂದ ನೆಂಟರೂ ಸೇರಿ. ನಮ್ಮ ಭಾವ ಅಮೆರಿಕದ ಪ್ರಜೆ, ಅವರು ಕುರಿಗೆ ಬಂದಾಗ ನಾನೇ ಜೊತೆಗೆ ಹೋಗಿದ್ದೆ. ಆದರೆ ಭಾರತದಲ್ಲಿ ಮನೆ ಇರುವ, ಭಾರತದ ಪಾಸ್‌ಪೋರ್ಟ್‌ನಲ್ಲಿ ಬರುವ ತಮ್ಮನಿಗೆ ಈ ಸೌಲಭ್ಯ ಇಲ್ಲ. ಅಂಥವರಿಗೆ ಮೂಸ್ ಆಗಲಿ, ಕ್ಯಾರಿಬೂ ಆಗಲಿ, ಎಲ್ಲಾ ದೊಡ್ಡ ಬೇಟೆಗೂ ಲೈಸೆನ್ಸ್ ಇರುವ ಗೈಡೇ ಬೇಕು.

ಇನ್ನೊಂದು ಎಚ್ಚರಿಕೆ. ಇಲ್ಲಿ ಟ್ರಾನ್ಸ್‌ಪೋರ್ಟರ್ ಅಂತ ಬೇರೆ ಲೈಸೆನ್ಸ್ ಇದೆ. ಅವರು ವಿಮಾನದಲ್ಲಿ ಇಳಿಸಿ, ಮತ್ತೆ ಬಂದು ಕರೆದೊಯ್ಯಬಹುದು, ಅಷ್ಟೇ. ಪ್ರಾಣಿ ಹುಡುಕಿಕೊಡುವುದು, ಕೊಯ್ದು ಕೊಡುವುದು ಅವರ ಕೆಲಸ ಅಲ್ಲ. ಕಡಿಮೆ ದುಡ್ಡಿಗೆ ಗೈಡ್ ಕೆಲಸವನ್ನೂ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಅವರ ಜೊತೆ ನೀವೂ ಸಿಕ್ಕಿಬೀಳುತ್ತೀರಿ. ವಿಮಾನದಲ್ಲಿ ಬಂದ ದಿನ ಮೂಸ್, ಕುರಿ, ಕರಡಿ ಬೇಟೆ ಆಡುವಂತಿಲ್ಲ, ಮರುದಿನ ಬೆಳಗಿನ ಜಾವ ಮೂರು ಗಂಟೆವರೆಗೆ ಕಾಯಬೇಕು. ಆಕಾಶದಿಂದ ಪ್ರಾಣಿ ನೋಡಿ ಇಳಿದು ಹೊಡೆಯುವುದನ್ನು ತಡೆಯಲು ಮಾಡಿದ ನಿಯಮ ಅದು. ಮೂಸ್‌ಗೆ ಹೊರಗಿನವರಿಗೆ ಇರುವ ಸಾಮಾನ್ಯ ಅಳತೆ ಕೊಂಬಿನ ಅಗಲ 50 ಇಂಚು, ಇಲ್ಲವೇ ಹಣೆಯ ಹತ್ತಿರದ ಕವಲುಗಳು ಒಂದು ಬದಿಯಲ್ಲಾದರೂ ಮೂರೋ ನಾಲ್ಕೋ, ಪ್ರದೇಶ ನೋಡಿಕೊಂಡು. ಅಗಲ 48 ಇಂಚು ಇದ್ದು ಕವಲೂ ಸಾಲದಿದ್ದರೆ ಮಾಂಸ, ಕೊಂಬು ಎರಡೂ ಸರ್ಕಾರದ ಪಾಲು, ಮೇಲೆ ಕೇಸು.

ಶರಾವತಿ_ಹಿನ್ನೀರು:

ಇಷ್ಟು ಬಿಗಿ ಇರುವುದು ಗೊತ್ತಿರಲಿಲ್ಲ. ಒಂದು ಮಾತು ಕೇಳುತ್ತೇನೆ. ಈ ನೆಲ ಫಸ್ಟ್ ನೇಷನ್ ಜನರದ್ದು ಅಲ್ವಾ? ಅವರ ಕಾಡಿನಲ್ಲಿ ಹೊರಗಿನವರು ಬೇಟೆ ಆಡಿದರೆ ದುಡ್ಡು ಯಾರ ಕೈಗೆ ಹೋಗುತ್ತದೆ?

ಉತ್ತರದಿಕ್ಕು:

ಇದು ಈ ಇಡೀ ವ್ಯವಹಾರದ ನೋವಿನ ಜಾಗ. ಯುಕಾನ್‌ನ ಕ್ಲೋಂಡೈಕ್‌ನಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಗಲಾಟೆ ಮುಗಿದ ಮೇಲೆ ಹೊರಗಿನ ಶ್ರೀಮಂತರು ಬೇಟೆಗೆ ಬರತೊಡಗಿದರು. ದಾರಿ ಗೊತ್ತಿದ್ದದ್ದು, ಟಗರು ಎಲ್ಲಿ ಮಲಗುತ್ತದೆ ಅಂತ ಗೊತ್ತಿದ್ದದ್ದು ಇಲ್ಲಿನ ಮೂಲ ಜನರಿಗೆ. ಆದರೆ 1920ರ ದಶಕದಲ್ಲಿ ಇಲ್ಲಿನ ಕಾನೂನು ಅವರನ್ನು ಮುಖ್ಯ ಗೈಡ್ ಆಗಲು ಬಿಡಲಿಲ್ಲ. ಸಹಾಯಕರಾಗಿ ದುಡಿಯಬಹುದು, ಮಾಲೀಕರಾಗುವಂತಿಲ್ಲ. ಕಾರ್‌ಕ್ರಾಸ್‌ನ ಜಾನಿ ಜಾನ್ಸ್ ಅಂತ ಟ್ಯಾಗಿಶ್ ಜನಾಂಗದ ಪ್ರಸಿದ್ಧ ಗೈಡ್ ಇದ್ದರು. ಅವರು ಲೈಸೆನ್ಸ್ ಪಡೆಯಲು ಸರ್ಕಾರದ ಪಟ್ಟಿಯಲ್ಲಿದ್ದ ತಮ್ಮ 'ಇಂಡಿಯನ್' (ಅಂದರೆ ಮೂಲನಿವಾಸಿ) ಸ್ಥಾನವನ್ನೇ ಬಿಟ್ಟುಕೊಡಬೇಕಾಯಿತು. ತನ್ನ ಅಜ್ಜಂದಿರ ಬೆಟ್ಟದಲ್ಲಿ ಬೇರೆಯವರಿಗೆ ದಾರಿ ತೋರಿಸಲು ತನ್ನ ಗುರುತನ್ನೇ ಕಳಚಿಡಬೇಕು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಈಗ ಪರಿಸ್ಥಿತಿ ಬದಲಾಗಿದೆ, ಪೂರ್ತಿ ಅಲ್ಲ. ಭೂಹಕ್ಕಿನ ಬಗ್ಗೆ ಸರ್ಕಾರದ ಜೊತೆ ಆದ 1993ರ ಒಪ್ಪಂದದ ನಂತರ ಇಲ್ಲಿನ 14 ಫಸ್ಟ್ ನೇಷನ್‌ಗಳಲ್ಲಿ 11 ತಮ್ಮ ಅಂತಿಮ ಒಪ್ಪಂದ ಮಾಡಿಕೊಂಡಿವೆ. ಅವರ ಪಾಲಿಗೆ ಬಂದ 'ಎ' ವರ್ಗದ ಜಮೀನಿನಲ್ಲಿ ಅವರ ಅನುಮತಿ ಇಲ್ಲದೆ ಯಾರೂ ಬೇಟೆ ಆಡುವಂತಿಲ್ಲ. ನೀವು ಮಾತಾಡುವ ಔಟ್‌ಫಿಟ್ಟರ್‌ಗೆ ಆ ಊರಿನ ಫಸ್ಟ್ ನೇಷನ್ ಜೊತೆ ಸಂಬಂಧ ಹೇಗಿದೆ, ಗೈಡ್‌ಗಳಲ್ಲಿ ಆ ಊರಿನವರು ಇದ್ದಾರಾ, ಮಾಂಸ ಯಾರಿಗೆ ಕೊಡುತ್ತೀರಿ ಅಂತ ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಫೋನ್ ಇಡಿ.

ಕ್ಯಾಲ್ಗರಿ_ಕೊಡಗು:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ತಮ್ಮನಿಗೆ ಇಡೀ ಚರ್ಚೆ ಕಳಿಸಿದೆ. ಕರಡಿ ಟ್ಯಾಗ್ ಬೇಡ ಅಂತ ಅವನೂ ಒಪ್ಪಿದ್ದಾನೆ. ಶರಾವತಿಯವರ ಪ್ರಶ್ನೆ ಅವನನ್ನು ಕಾಡಿದೆ, ಆದರೂ ಆಸೆ ಬಿಟ್ಟಿಲ್ಲ. ಈಗ ಮೂರು ಪ್ರಶ್ನೆ ಉಳಿದಿವೆ. ಒಳ್ಳೆಯ ಔಟ್‌ಫಿಟ್ಟರ್ ಯಾರು ಅಂತ ತಿಳಿಯುವುದು ಹೇಗೆ? ಅವನು ಊರಿಂದ ಕೋವಿ ತರಬೇಕಾ? ಕೊಂಬನ್ನು ಮಡಿಕೇರಿಗೆ ಒಯ್ಯಬಹುದಾ?

ಉತ್ತರದಿಕ್ಕು:

ಕೊನೆಯದರಿಂದ ಶುರು ಮಾಡುತ್ತೇನೆ. ಕೊಂಬು, ಚರ್ಮ ಭಾರತಕ್ಕೆ ಒಯ್ಯುವ ಯೋಚನೆ ಬಿಡಿ. ನಮ್ಮ ದೇಶದಲ್ಲಿ ಕಾಡುಪ್ರಾಣಿಯ ಭಾಗಗಳನ್ನು ಒಳಗೆ ತರುವ ನಿಯಮ ಬಹಳ ಬಿಗಿ, ಏರ್‌ಪೋರ್ಟ್‌ನಲ್ಲಿ ಪೇಚಿಗೆ ಸಿಕ್ಕಿಕೊಳ್ಳುವುದು ಬೇಡ. ನಿಮ್ಮ ಕ್ಯಾಲ್ಗರಿ ಮನೆಯಲ್ಲಿರಲಿ.

ಕೋವಿ ಊರಿಂದ ತರುವುದೂ ಬೇಡ. ಹೊರಗಿಂದ ಕೋವಿ ತರುವವರು ಕೆನಡಾದ ಗಡಿಯಲ್ಲಿ ಒಂದು ಘೋಷಣಾ ಪತ್ರ ತುಂಬಿ 25 ಡಾಲರ್ ಕಟ್ಟಬೇಕು, ಅದು 60 ದಿನ ನಡೆಯುತ್ತದೆ. ಆದರೆ ಭಾರತದಿಂದ ಹೊರಡುವಾಗಿನ ಕಾಗದ, ಮಧ್ಯದಲ್ಲಿ ವಿಮಾನ ಬದಲಿಸುವ ದೇಶದ ಕಾಗದ ನೆನೆಸಿಕೊಂಡರೆ ಸಾಕು. ಲೈಸೆನ್ಸ್ ಇರುವವರ ನೇರ ನಿಗಾದಲ್ಲಿ, ಅವರ ಪಕ್ಕದಲ್ಲೇ ಇದ್ದುಕೊಂಡು ಸಾಮಾನ್ಯ ಬೇಟೆ ರೈಫಲ್ ಬಳಸಲು ಇಲ್ಲಿ ಅವಕಾಶ ಇದೆ. ಹೆಚ್ಚಿನ ಕ್ಯಾಂಪ್‌ಗಳಲ್ಲಿ ಬಾಡಿಗೆಗೆ .30-06 ಅಥವಾ .300 ವಿನ್‌ಮ್ಯಾಗ್ ಇರುತ್ತದೆ. ಒಂದೇ ಷರತ್ತು, ನಿಮ್ಮ ತಮ್ಮ ಸ್ವಲ್ಪ ಮುಂಚೆ ಕ್ಯಾಲ್ಗರಿಗೆ ಬಂದು ನಿಮ್ಮ ಜೊತೆ ರೇಂಜ್‌ನಲ್ಲಿ ಚೆನ್ನಾಗಿ ಅಭ್ಯಾಸ ಮಾಡಲಿ. ಬೆಂಚ್ ಮೇಲೆ ಅಲ್ಲ, ಕೂತು, ಮಂಡಿಯೂರಿ, ಬೆನ್ನುಚೀಲದ ಮೇಲೆ ಒರಗಿಸಿ, ಏದುಸಿರು ಬಿಡುತ್ತಿರುವಾಗ.

ಔಟ್‌ಫಿಟ್ಟರ್ ಆರಿಸುವುದು. ಎಲ್ಲರೂ ದೊಡ್ಡ ಕೊಂಬು ಹೊಡೆದವರ ಫೋಟೋ, ಫೋನ್ ನಂಬರ್ ಕೊಡುತ್ತಾರೆ. ನೀವು ಖಾಲಿ ಕೈಯಲ್ಲಿ ವಾಪಸ್ ಹೋದವರ ನಂಬರ್ ಕೇಳಿ. ಅವರಿಗೆ ಫೋನ್ ಮಾಡಿ ಯಾಕೆ ಸಿಗಲಿಲ್ಲ, ಕೊನೆಯ ದಿನ ಗೈಡ್ ಹೇಗೆ ನಡೆದುಕೊಂಡ ಅಂತ ವಿಚಾರಿಸಿ. ಕೊನೆಯ ಸಂಜೆ, ಅಳತೆಗೆ ಸ್ವಲ್ಪ ಕಡಿಮೆ ಇರುವ ಗಂಡು ಎದುರಿಗೆ ನಿಂತಿರುವಾಗ ಬಿಟ್ಟುಬಿಡಿ ಅಂದ ಗೈಡ್ ಬಗ್ಗೆ, ಬೇಟೆ ಸಿಗದ ಗಿರಾಕಿಯೇ ಒಳ್ಳೆಯ ಮಾತಾಡಿದರೆ ಅಂಥ ಕಡೆ ದುಡ್ಡು ಕಟ್ಟಬಹುದು. ನೂರಕ್ಕೆ ನೂರು ಗ್ಯಾರಂಟಿ ಅಂದವರ ಹತ್ತಿರ ಹೋಗಬೇಡಿ. ನನ್ನ ಪರಿಚಯದ ಒಬ್ಬರು ಹಾಗೆ ಗ್ಯಾರಂಟಿ ಕೊಟ್ಟ ಒಂದು ಕಡೆ ಹೋಗಿ, ಎಳೆಯ ಗಂಡು ಮೂಸ್ ಹೊಡೆದು, ಮಾಂಸ ಸರಿಯಾಗಿ ನೇತುಹಾಕದೆ ಅರ್ಧ ಕೊಳೆತು, ಬಹಳ ಬೇಜಾರಿನಲ್ಲಿ ವಾಪಸ್ ಬಂದರು. ಮಾಂಸ ಗಾಳಿ ಆಡುವ ಬಟ್ಟೆ ಚೀಲದಲ್ಲಿ, ನೆರಳಲ್ಲಿ, ಕರುಳು ಬಿಟ್ಟ ಜಾಗದಿಂದ ದೂರ ನೇತಾಡಬೇಕು. ಹತ್ತಿರ ಇಟ್ಟರೆ ಕರಡಿ ಬಂದು ತನ್ನದೆಂದು ಕಾವಲು ಕೂರುತ್ತದೆ.

ಫೇರ್‌ಬ್ಯಾಂಕ್ಸ್_ಕನ್ನಡತಿ:

ತಮ್ಮನಿಗೆ ಹೇಳಿ, ಕೊಡಗಿನ ಬೆಟ್ಟ ಹತ್ತಿ ಅಭ್ಯಾಸ ಇದ್ದರೂ ಸಾಲದು. ಬೆನ್ನಿಗೆ ಇಪ್ಪತ್ತು ಕಿಲೋ ಕಟ್ಟಿಕೊಂಡು ಕೆಸರಲ್ಲಿ ನಡೆಯಲಿ. ಹತ್ತಿ ಬಟ್ಟೆ ಒಂದೂ ತರಬೇಡಿ, ಒದ್ದೆಯಾದರೆ ಒಣಗುವುದೇ ಇಲ್ಲ, ಸೆಪ್ಟೆಂಬರ್‌ನಲ್ಲಿ ಬೆಳಗ್ಗೆ ಮಳೆ ಸಂಜೆ ಹಿಮ. ಉಣ್ಣೆ ತನ್ನಿ. ಉಪಗ್ರಹ ಮೆಸೇಜ್ ಕಳಿಸುವ ಸಾಧನ, ಕಾಡಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಹೋಗುವುದಕ್ಕೆ ವಿಮೆ, ಎರಡೂ ಬೇಕು. ವಾಪಸ್ ಟಿಕೆಟ್‌ಗೆ ಮುಂದೆ ನಾಲ್ಕೈದು ದಿನ ಬಿಡುವು ಇಡಿ, ಮೋಡ ಕವಿದರೆ ವಿಮಾನ ಬರುವುದಿಲ್ಲ, ಪೈಲಟ್‌ಗೆ ಅವಸರ ಮಾಡಬೇಡಿ.

ಶರಾವತಿ_ಹಿನ್ನೀರು:

ನಾನು ಬದಲಾಗಿಲ್ಲ. ನಾನಾಗಿದ್ದರೆ ಕ್ಯಾಮೆರಾ ಹಿಡಿದು ಹೋಗುತ್ತಿದ್ದೆ. ಆದರೆ ಗೆರೆ ಎಣಿಸಿ ಕೆಳಗಿಳಿಯುವ ಗೈಡ್‌ಗಳ ಬಗ್ಗೆ ಗೌರವ ಬಂತು, ಅದನ್ನು ಹೇಳದೆ ಹೋದರೆ ನ್ಯಾಯ ಆಗುವುದಿಲ್ಲ. ಹೋಗಿ ಬಂದ ಮೇಲೆ, ಸಿಕ್ಕರೂ ಸಿಗದಿದ್ದರೂ, ಇಲ್ಲಿ ಬರೆಯಿರಿ.

ಉತ್ತರದಿಕ್ಕು:

ಒಳ್ಳೆಯ ಔಟ್‌ಫಿಟ್ಟರ್‌ಗಳ ಸೆಪ್ಟೆಂಬರ್ ಕೊನೆಯ ಮೂಸ್ ದಿನಗಳು ಎರಡು ಮೂರು ವರ್ಷ ಮುಂಚೆಯೇ ತುಂಬಿಹೋಗುತ್ತವೆ, ಹಾಗಾಗಿ ಈಗಲೇ ಮಾತಾಡಿ. ಸಾಮಾನ್ಯವಾಗಿ ಅರ್ಧ ದುಡ್ಡು ಮುಂಗಡ ಕೇಳುತ್ತಾರೆ. ಕಟ್ಟುವ ಮೊದಲು ಕರಾರಿನಲ್ಲಿ ಇಷ್ಟು ಬರೆದಿದೆಯಾ ನೋಡಿಕೊಳ್ಳಿ: ಒಬ್ಬ ಗೈಡ್‌ಗೆ ಎಷ್ಟು ಬೇಟೆಗಾರರು, ವಿಮಾನದ ಖರ್ಚು ಒಳಗೋ ಹೊರಗೋ, ಗಾಯಗೊಳಿಸಿ ಕಳೆದುಕೊಂಡರೆ ಬೇಟೆ ಮುಗಿದ ಲೆಕ್ಕವೋ ಅಲ್ಲವೋ, ಮಾಂಸ ಸಾಗಿಸುವ ಖರ್ಚು ಯಾರದು, ನೀವು ಬರಲಾಗದಿದ್ದರೆ ಮುಂಗಡ ಏನಾಗುತ್ತದೆ. ಗಾಯಗೊಂಡರೆ ಬೇಟೆ ಮುಗಿಯಿತು ಅಂತ ಬರೆದಿದ್ದರೆ ಅದು ಒಳ್ಳೆಯ ಲಕ್ಷಣ. ಗೈಡ್‌ಗೆ, ಅಡುಗೆಯವರಿಗೆ, ಕುದುರೆಯವರಿಗೆ ಟಿಪ್ಸ್ ಬೇರೆ, ಒಟ್ಟು ಮೊತ್ತದ ಹತ್ತನೇ ಒಂದು ಭಾಗದ ಆಸುಪಾಸು ಕೊಡುವುದು ಇಲ್ಲಿನ ವಾಡಿಕೆ, ಪ್ರಾಣಿ ಸಿಗದಿದ್ದರೂ ಕೊಡಬೇಕು. ಕರಾರು ಕೈಗೆ ಬಂದ ಮೇಲೆ ಹೆಸರು ಮುಚ್ಚಿ ಇಲ್ಲಿ ಹಾಕಿ, ಅಕ್ಕನೂ ನಾನೂ ಓದಿ ಹೇಳುತ್ತೇವೆ.